ಕೊಡೆಯ ಒಳಮೈ

ಫೆಬ್ರವರಿ 3, ಸೋಮವಾರ

ಕುಟುಂಬದ ಯಜಮಾನರು ಇವತ್ತು ತೀರ್ಪು ಕೊಟ್ಟರು. ತೀರ್ಪೇನು ಬಂತು, ಅಡ್ಡಗೋಡೆಯ ಮೇಲೆ ದೀಪ ಇಟ್ಟರು ಅಷ್ಟೆ.

ತ್ವುಮಾಸಿ ಮಾವನ ಕೊಡೆ ಶೆಡ್ಡು ಮುಂದೆ ಯಾರ ಕೈಗೆ ಅನ್ನುವುದು ಜಗಳ. ನಮ್ಮೂರು ಅಕ್ರೊಫೊಸೊದ ದೊರೆಗಳು ಹಬ್ಬದ ದಿನ ನೆರಳಿಗೆ ಹಿಡಿಸಿ ಕೂರುವ ದೊಡ್ಡ ಕೊಡೆಗಳೆಲ್ಲ ಮೂರು ತಲೆಮಾರಿನಿಂದ ಹೊರಬಿದ್ದದ್ದು ಆ ಶೆಡ್ಡಿನಿಂದಲೇ. ಈಗ ಮುದುಕನ ಮೊಣಕಾಲು ಎರಡೂ ಕೈಕೊಟ್ಟಿವೆ. ನಮ್ಮಲ್ಲಿ ವಂಶ ತಾಯಿಯ ಕಡೆಯಿಂದ ನಡೆಯುವುದು; ಅವನ ಮಕ್ಕಳು ಅವರ ತಾಯಿಯ ಕುಟುಂಬದವರು, ಅವರಿಗೆ ಇದರಲ್ಲಿ ಪಾಲಿಲ್ಲ. ಅಕ್ಕನ ಮಕ್ಕಳು ಅಂತ ಇರುವವರು ನಾನು ಮತ್ತು ನನ್ನ ತಮ್ಮ ಚೇಯಿ.

ಚೇಯಿ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ ಬಾಡಿಗೆಗೆ ಕೊಡುತ್ತಾನೆ. ಸಾಮಾನು ಇಡಲು ಅವನಿಗೆ ಶೆಡ್ಡು ಬೇಕು. "ಅಕ್ಕಾ, ದೊರೆ ಕೊಡೆ ಮಾಡ್ಸೋದು ಹತ್ತು ವರ್ಷಕ್ಕೊಂದು. ಊರಲ್ಲಿ ಸಾವು ವಾರಕ್ಕೆ ನಾಲ್ಕು. ನೀನೇ ಹೇಳು, ಯಾವ್ದು ಗಟ್ಟಿ ವ್ಯಾಪಾರ?" ಅಂದ. ಹಿರಿಯರೆಲ್ಲ ನಕ್ಕರು. ನಗಲಿ.

ನಾನು ಹೇಳಿದ್ದು ಇಷ್ಟು. ರಾಜಧಾನಿ ಅಕ್ರಾದ ದೀಪದ ಅಂಗಡಿಯಲ್ಲಿ ಹದಿನೈದು ವರ್ಷ ಪರದೇಶದ ಗಾಜಿನ ಗೊಂಚಲು ದೀಪ ಮಾರಿದ್ದೇನೆ. ನಮ್ಮ ಜನ ಮನೆ ಕಟ್ಟಿಸಿ, ಯಾರದೋ ಅರಮನೆಯ ದೀಪ ತಂದು ನೇತು ಹಾಕಿ, ಅದರ ಕೆಳಗೆ ಕೂತು ಫುಫು ಮುದ್ದೆ ತಿನ್ನುತ್ತಾರೆ. ನಮ್ಮದೇ ಅರಮನೆಯ ಕೊಡೆ ಇರುವಾಗ ಆ ಗತಿ ಯಾಕೆ? ದೊರೆಗಳ ಕೊಡೆಯಂಥ ಮನೆ ದೀಪ ಮಾಡುತ್ತೇನೆ, ಶೆಡ್ಡು ನನಗೆ ಕೊಡಿ.

ಆಮೇಲೆ ಮುದುಕ ಕೇಳಿದ: "ಕೊಡೆ ಕೆಳಗೆ ದೊರೆ ಕೂರ್ತಾರೆ. ನಿನ್ನ ದೀಪದ ಕೆಳಗೆ ಯಾರು ಕೂರ್ತಾರೆ?"

ಆ ಪ್ರಶ್ನೆಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ತೀರ್ಪು ಹೀಗೆ: ಆರು ವಾರಕ್ಕೊಮ್ಮೆ ಬರುವ ಅಕ್ವಾಸಿದೆ ಹಬ್ಬ ನಿನ್ನೆ ಮುಗಿದಿದೆ. ಮುಂದಿನ ಅಕ್ವಾಸಿದೆಗೆ ದೊರೆ ಕೊಡೆಯ ಕೆಳಗೆ ಕೂರುವುದರೊಳಗೆ ನಾನು ಇದೇ ಶೆಡ್ಡಿನಲ್ಲಿ ಒಂದು ದೀಪ ಮಾಡಬೇಕು. ಅದು ನೆಂಟರಲ್ಲದವರ ಮನೆಯಲ್ಲಿ ಉರಿಯಬೇಕು. ಅದನ್ನು ನೋಡಿ ಮಾವ ಹೂಂ ಅನ್ನಬೇಕು. ಇಲ್ಲವಾದರೆ ಶೆಡ್ಡು ಚೇಯಿಯ ಕುರ್ಚಿಗಳಿಗೆ. ಮೊದಲಿನ ಎರಡು ನನ್ನ ಕೈಯಲ್ಲಿವೆ. ಮೂರನೆಯದು ಆ ಮುದುಕನ ಬಾಯಲ್ಲಿದೆ. ಹೂಂ ಅನ್ನಿಸಿಯೇ ಬಿಡುತ್ತೇನೆ.

ಫೆಬ್ರವರಿ 5, ಬುಧವಾರ

ಮುದುಕ ಶೆಡ್ಡಿನಲ್ಲಿ ನನಗೆ ಕಿಟಕಿಯ ಪಕ್ಕದ ಮೂಲೆ ಬಿಟ್ಟುಕೊಟ್ಟಿದ್ದಾನೆ. ತಾನು ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಕಾವಲು ಕೂತಿದ್ದಾನೆ. ಯಾರ ಹೊಲಿಗೆ ಕಂಡರೂ ಅವನ ಬಾಯಲ್ಲಿ ಒಂದೇ ಮಾತು: "ಬಿಚ್ಚು." ಅರಮನೆಯ ಹೊಲಿಗೆಯವನು ಬಂದರೂ ಬಿಚ್ಚು, ಪಕ್ಕದ ಮನೆಯವಳು ಅಂಗಿ ತೋರಿಸಲು ಬಂದರೂ ಬಿಚ್ಚು. ಪುಣ್ಯಕ್ಕೆ ಮದುವೆ ಮಾಡಿಸುವ ಪಾದ್ರಿಯಾಗಲಿಲ್ಲ.

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ. ಕೊಡೆ ಮಾಡಿದವರು ಕೊಡೆಯ ಕೆಳಗೆ ತಲೆ ಹಾಕಬಾರದು. ಅದು ದೊರೆಯ ಜಾಗ. ಹಾಗಾಗಿ ಇವರು ಹೊರಗಿನಿಂದಲೇ ಹೊಲಿಯುತ್ತಾರೆ. ಬಲಗೈ ಮೇಲೆ, ಎಡಗೈ ಒಳಗೆ ಚಾಚಿ, ಸೂಜಿಯ ಮೊನೆಯನ್ನು ಬೆರಳಿನಲ್ಲೇ ಹುಡುಕಿ ಹಿಡಿಯುತ್ತಾರೆ.

ನಾನು ಮಾತ್ರ ಕೆಳಗೆ ಹೋದವಳು. ಆಗ ನನಗೆ ಏಳು ವರ್ಷ. ಅಂಗಳದಲ್ಲಿ ಕೆಂಪು ರೇಷ್ಮೆಯ ಕೊಡೆ ಬಿಚ್ಚಿಟ್ಟಿದ್ದರು. ಎಲ್ಲರೂ ಊಟಕ್ಕೆ ಹೋದಾಗ ಒಳಗೆ ನುಗ್ಗಿ ಕೂತೆ. ನೆತ್ತಿಯ ಮೇಲೆ ಬಿಸಿಲು. ನನ್ನ ಕೈ, ನನ್ನ ಲಂಗ, ಕೆಳಗಿನ ಮಣ್ಣು ಎಲ್ಲ ಕೆಂಪಗೆ ಬೆಳಗುತ್ತಿದ್ದವು. ಲೋಕದಲ್ಲಿ ಅಷ್ಟು ಚಂದದ್ದು ನಾನು ಆಮೇಲೆ ನೋಡಿಲ್ಲ. ಮಾವ ಕಾಲು ಹಿಡಿದು ಎಳೆದು, ಕೊಡೆಯ ಕಡ್ಡಿಯಲ್ಲೇ ಬಾರಿಸಿದ. ಇವತ್ತು ಮತ್ತೆ ಅಂಥ ಕೊಡೆ ಕಂಡರೆ ಮತ್ತೆ ಹೋಗುತ್ತೇನೆ. ಅದೇ ಬೆಳಕನ್ನು ಜನರ ಮನೆಯೊಳಗೆ ಇಳಿಸಬೇಕು ಅಂತ ತಾನೆ ಇಷ್ಟೆಲ್ಲ ಒದ್ದಾಟ.

ಫೆಬ್ರವರಿ 8, ಶನಿವಾರ

ದೀಪಕ್ಕೆ ಮನೆ ಸಿಕ್ಕಿತು! ಅದೂ ಎಲ್ಲಿ, ಸಾವಿನ ಮನೆಯಲ್ಲಿ, ಚೇಯಿಯ ಶಾಮಿಯಾನದ ಕೆಳಗೆ.

ಕುಮಾಸಿ ಮಾರುಕಟ್ಟೆಯ ಟೊಮೆಟೊ ರಾಣಿ ಸರ್ಪೊಮಾ ನನ್ನ ಪಕ್ಕದ ಕುರ್ಚಿಗೆ ಬಂದು ಕೂತರು. ಬುಟ್ಟಿಯ ಬೆಲೆಯಿಂದ ಹೆಂಗಸರ ಜಗಳದವರೆಗೆ ಟೊಮೆಟೊ ಸಾಲಿನಲ್ಲಿ ಅವರ ಮಾತೇ ಮಾತು, ಅದಕ್ಕೇ ರಾಣಿ. ಸಾವಿನ ಮನೆಯ ಕಪ್ಪು ಬಟ್ಟೆ ಹೊದ್ದು, ಸತ್ತವರಿಗಾಗಿ ಎರಡು ಹನಿ ಅತ್ತು, ಮುಖ ಒರೆಸಿಕೊಂಡು, "ದೀಪ ಮಾಡ್ತೀಯಂತೆ?" ಅಂದರು.

"ಮಾಡ್ತೀನಿ ರಾಣಿಯಮ್ಮ. ದೊರೆಗಳ ಕೊಡೆ ತರದ್ದು."

"ನನ್ನ ಹೊಸ ಮನೆ ನಡುಮನೇಲಿ ಮೆಟ್ಟಿಲು ಸುತ್ತಿಕೊಂಡು ಮೇಲೆ ಹೋಗುತ್ತೆ. ಮಧ್ಯ ಬರೀ ಖಾಲಿ. ಮಗಳು ಗಾಜಿನ ಗೊಂಚಲು ಹಾಕಮ್ಮ ಅಂತಾಳೆ. ಅದನ್ನ ಒರೆಸೋರು ಯಾರು, ಅವಳ ಗಂಡನಾ?"

"ಆದ್ರೆ ರಾಣಿಯಮ್ಮ, ಕೊಡೆ ಕೆಳಗೆ ದೊರೆಗಳು ಮಾತ್ರ ಕೂರ್ಬೇಕು ಅಂತ ನಮ್ಮ ಮಾವ..."

"ನಲವತ್ತು ವರ್ಷ ಬಿಸಿಲಲ್ಲಿ ಕೂತು ಟೊಮೆಟೊ ಮಾರಿದೀನಿ ಕಣೇ. ನನಗಿಂತ ನೆರಳು ಬೇಕಾದೋರು ಯಾರಿದ್ದಾರೆ?"

ನಾನು ಎದ್ದು ಅವರ ಎರಡೂ ಕೈ ಹಿಡಿದುಕೊಂಡೆ. ನೋಡಿದವರು ಸತ್ತವರಿಗಾಗಿ ಅಳುತ್ತಿದ್ದೇನೆ ಅಂದುಕೊಂಡಿರಬೇಕು.

ಫೆಬ್ರವರಿ 13, ಗುರುವಾರ

ಮಖಮಲ್ಲು ಹಾಕಿದ್ದೆ. ರಾಜಕಳೆ ಅಂದರೆ ಮಖಮಲ್ಲು ಅಂತ ತಲೆಯಲ್ಲಿ ಕೂತಿತ್ತು. ಕಡು ನೀಲಿ, ಅಂಚಿಗೆಲ್ಲ ಬಂಗಾರದ ಜಾಲರಿ. ಸಂಜೆ ಕಿಟಕಿ ಮುಚ್ಚಿ ಬಲ್ಬು ಹಾಕಿದೆ. ಬೆಳಕು ಬಟ್ಟೆಯನ್ನು ದಾಟಲೇ ಇಲ್ಲ. ನೆಲದ ಮೇಲೆ ಒಂದು ತಟ್ಟೆಯಷ್ಟು ಬೆಳಕು, ಉಳಿದ ಶೆಡ್ಡೆಲ್ಲ ಮೊದಲಿಗಿಂತ ಕತ್ತಲೆ.

ಮುದುಕ ಸ್ಟೂಲಿನಿಂದ ಕತ್ತು ಚಾಚಿ ನೋಡಿದ. "ಚೆನ್ನಾಗಿದೆ. ದೀಪ ಯಾವಾಗ ಹಾಕ್ತೀಯ?"

"ಹಾಕಿದೀನಿ ಮಾಮಾ."

"ಹೌದಾ? ಬಿಚ್ಚು."

ಹದಿನೈದು ವರ್ಷ ದೀಪ ಮಾರಿದವಳಿಗೆ ಇಷ್ಟು ತಿಳಿಯಲಿಲ್ಲವಲ್ಲ. ನನ್ನ ಮೇಲೇ ಅಸಹ್ಯವಾಗುತ್ತಿದೆ.

ಫೆಬ್ರವರಿ 14, ಶುಕ್ರವಾರ

ಬಿಚ್ಚಿದೆ. ಎಲ್ಲ ಬಿಚ್ಚಿದೆ.

ಫೆಬ್ರವರಿ 20, ಗುರುವಾರ

ರೇಷ್ಮೆ ಸಿಕ್ಕಿತು. ರಾಣಿಯಮ್ಮನೇ ಮಾರುಕಟ್ಟೆಯಲ್ಲಿ ಬಟ್ಟೆಯ ರಾಣಿಯ ಹತ್ತಿರ ಕರೆದುಕೊಂಡು ಹೋದರು. ಇಬ್ಬರು ರಾಣಿಯರ ಚೌಕಾಸಿ ನೋಡುತ್ತಾ ನಿಂತವರಿಗೆ ಯುದ್ಧಕ್ಕೆ ಹೋಗುವ ಅಗತ್ಯ ಇರುವುದಿಲ್ಲ. ನಾಲ್ಕು ಪಟ್ಟಿ ಕೆಂಪು, ನಾಲ್ಕು ಪಟ್ಟಿ ಅರಿಶಿನ. ಬಂಗಾರದ ಜಾಲರಿ ಬೇಡ ಅನ್ನಿಸಿತು, ಕೆಂಪು ದಾರದ ಕುಚ್ಚು ಸಾಕು.

ಕೊಡೆಯ ನೆತ್ತಿಗೆ ಒಂದು ಗೊಂಬೆ ಇರಬೇಕಲ್ಲ, ಮರದಲ್ಲಿ ಕೆತ್ತಿ ಚಿನ್ನದ ರೇಕು ಹೊದಿಸಿದ್ದು. ಪ್ರತಿ ದೊರೆಯ ಕೊಡೆಯ ಮೇಲೂ ಒಂದೊಂದು ಗೊಂಬೆ, ಗೊಂಬೆಗೆ ಒಂದು ಗಾದೆ. ಮನೆ ಮಾಳಿಗೆಯದು, ಮೆಟ್ಟಿಲ ಮೇಲಿಂದ ನೆತ್ತಿ ಚೆನ್ನಾಗಿ ಕಾಣುತ್ತದೆ. ಕೋಳಿ ಇಡೋಣವೇ, ಆನೆ ಇಡೋಣವೇ ಅಂತ ಕೇಳಿದೆ.

"ಟೊಮೆಟೊ," ಅಂದರು ರಾಣಿಯಮ್ಮ.

"ಅದಕ್ಕೆ ಗಾದೆ ಇಲ್ವಲ್ಲ."

"ಯಾಕಿಲ್ಲ? ಬುಟ್ಟಿ ತಳಕ್ಕೆ ಹಣ್ಣು ತುಂಬಿ ಮೇಲೆ ಕಾಯಿ ಹೇರಿದೋಳು ಸಂತೆಗೆ ಸಾರು ಹೊತ್ಕೊಂಡು ಹೋದ್ಲು. ಹಾಕು ಇದನ್ನ."

ಆಹ್ವಿಯಾ ಊರಿನಲ್ಲಿ ಮರ ಕೆತ್ತುವವರು ನಕ್ಕೂ ನಕ್ಕೂ ಉಳಿ ಕೆಳಗಿಟ್ಟರು. ಶೆಡ್ಡಿನಲ್ಲಿ ಮುದುಕ ನಗಲಿಲ್ಲ. ಊರುಗೋಲು ನೆಲಕ್ಕೆ ಕುಟ್ಟಿದ. "ದೊರೆಗಳ ಕೊಡೆ ಮೇಲೆ ಟೊಮೆಟೊ! ಯಾರಾದ್ರೂ ಕೇಳಿದ್ರೆ ತ್ವುಮಾಸಿ ಇದಕ್ಕೆ ಕೈ ಸೋಕಿಸಿಲ್ಲ ಅಂತ ಹೇಳು. ನಾನೂ ಹೇಳ್ತೀನಿ, ಊರೆಲ್ಲ ಹೇಳ್ತೀನಿ." ಹೇಳಿಕೊಂಡೇ ಬಂದನಂತೆ. ಸಂಜೆ ಜೋಳದ ಕೆಂಕೆ ಕಡುಬು ಮಾರುವವಳು ನನ್ನನ್ನು ನಿಲ್ಲಿಸಿ ವಿಚಾರಿಸಿದಳು.

ಹಿತ್ತಲ ಗಿಡ ಮದ್ದಲ್ಲ. ಅಕ್ರಾದಿಂದ ಯಾವನಾದರೂ ಬಂದು ಇದನ್ನೇ ಮಾಡಿದ್ದರೆ ಇದೇ ಮುದುಕ ಕುರ್ಚಿ ಹಾಕಿ ಕೂರಿಸುತ್ತಿದ್ದ.

ಫೆಬ್ರವರಿ 26, ಬುಧವಾರ

ರೇಷ್ಮೆ ನನ್ನ ಮಾತು ಕೇಳುತ್ತಿಲ್ಲ. ಎರಡು ಪಟ್ಟಿ ಸೇರುವಲ್ಲಿ ನೆರಿಗೆ ಬೀಳುತ್ತದೆ. ದೀಪ ಹಾಕಿದರೆ ಅಷ್ಟೂ ನೆರಿಗೆ ಕಪ್ಪು ಗೆರೆಗಳಾಗಿ ಗೋಡೆ ತುಂಬ ಹರಿಯುತ್ತವೆ. ಹೊಲಿದೆ, ಬಿಚ್ಚಿದೆ, ಹೊಲಿದೆ, ಬಿಚ್ಚಿದೆ. ಬೆರಳ ತುದಿಗಳೆಲ್ಲ ತೂತು ಬಿದ್ದಿವೆ. ಮರುಭೂಮಿಯಿಂದ ಬೀಸುವ ಹರ್ಮಟ್ಟಾನ್ ಗಾಳಿಯ ಧೂಳು ಬೇರೆ ಕೆಂಪು ರೇಷ್ಮೆಯ ಮೇಲೆ ಕೂರುತ್ತದೆ.

ಚೇಯಿ ಬೋರ್ಡು ಬರೆಯುವವನನ್ನು ಕರೆತಂದು ಶೆಡ್ಡಿನ ಬಾಗಿಲ ಅಳತೆ ತೆಗೆಸಿದ. ಕೂಸು ಹುಟ್ಟುವ ಮುಂಚೆ ಕುಲಾವಿ. ನಾನು ಕತ್ತರಿ ಹಿಡಿದು ಎದ್ದದ್ದು ನೋಡಿ ಇಬ್ಬರೂ ಓಡಿದರು.

ಬಿಡುವುದಿಲ್ಲ.

ಮಾರ್ಚ್ 3, ಸೋಮವಾರ

ಬೆಳಿಗ್ಗೆ ಶೆಡ್ಡಿಗೆ ಹೋದರೆ ಮೂರು ಪಟ್ಟಿಗೆ ಬೇರೆ ಹೊಲಿಗೆ ಬಿದ್ದಿತ್ತು. ನೆರಿಗೆ ಇಲ್ಲ. ರೇಷ್ಮೆಯನ್ನು ಅಡ್ಡಕ್ಕೆ ಒಂಚೂರು ಎಳೆದು, ಒಂದು ಹೆಜ್ಜೆ ಮುಂದೆ ಅರ್ಧ ಹೆಜ್ಜೆ ಹಿಂದೆ ಹಾಕುವ ಆ ಹೊಲಿಗೆ ಅಕ್ರೊಫೊಸೊದಲ್ಲಿ ಒಂದೇ ಕೈಗೆ ಬರುವುದು.

ಮಾವ ಬಾಗಿಲಲ್ಲಿ ಕೂತು ಜೋಳದ ಕೋಕೊ ಗಂಜಿ ಕುಡಿಯುತ್ತಿದ್ದರು. ನಿನ್ನೆ ಭಾನುವಾರ, ನಾನು ಚರ್ಚಿನಲ್ಲಿದ್ದಾಗ ಮಾಡಿರಬೇಕು.

"ಮಾಮಾ, ಇದನ್ನ ಯಾರು ಹೊಲಿದ್ರು?"

"ನನಗೇನು ಗೊತ್ತು. ಇಲಿ ಇರ್ಬೇಕು."

"ಇಲಿ ಚೆನ್ನಾಗಿ ಹೊಲಿಯುತ್ತೆ."

"ಬಾಯಿ ಮುಚ್ಕೊಂಡು ನಾಲ್ಕನೇದು ಹೊಲಿ. ಹಾಗಲ್ಲ. ಎಳೀಬೇಡ, ಕೇಳು ಅದನ್ನ. ಬಟ್ಟೆ ಎಲ್ಲಿಗೆ ಹೋಗ್ತೀನಿ ಅನ್ನುತ್ತೋ ಅಲ್ಲಿಗೆ ಬಿಡು."

ಮಧ್ಯಾಹ್ನದವರೆಗೆ ನಾನು ಹೊಲಿದೆ, ಅವರು ಬೈದರು. ಸಂಜೆ ಬಲ್ಬು ಹಾಕಿ ಕೆಳಗೆ ಹೋಗಿ ನೋಡಿದೆ. ಮಾವನ ಮೂರನೆಯ ಪಟ್ಟಿಯಲ್ಲಿ, ಒಳಗೆ ಕೈ ಪೂರ್ತಿ ಎಟುಕದ ಜಾಗದಲ್ಲಿ, ಹೊಲಿಗೆ ಸ್ವಲ್ಪ ಸೊಟ್ಟ ಹೋಗಿದೆ. ಹೊರಗಿನಿಂದ ನೂಲು ಹಿಡಿದ ಹಾಗೆ ನೇರ. ಬಿಚ್ಚಲು ಕತ್ತರಿ ತೆಗೆದುಕೊಂಡೆ, ಮತ್ತೆ ಇಟ್ಟೆ. ಇರಲಿ.

ಮಾರ್ಚ್ 8, ಶನಿವಾರ

ವೆಲ್ಡಿಂಗ್ ಅಂಗಡಿಯವನು ದೀಪದ ಅಂಚಿಗೆ ಕೂರಿಸುವ ಕಬ್ಬಿಣದ ಬಳೆ ತಂದ. ಸುತ್ತು ಸರಿಯಾಗಿಲ್ಲ, ಒಂದು ಕಡೆ ಮೊಟ್ಟೆಯಾಗಿದೆ.

"ಯಾರಿಗೆ ಕಾಣುತ್ತಮ್ಮ? ಮೇಲೆ ಬಟ್ಟೆ ಬರುತ್ತಲ್ಲ."

"ಬಿಚ್ಚು," ಅಂದೆ.

ಅವನು ನನ್ನ ಮುಖ ನೋಡಿದ. "ನೀವು ತ್ವುಮಾಸಿಯವರಿಗೆ ಏನಾಗ್ಬೇಕು?"

ಕೇಳಬೇಕಾದ ಪ್ರಶ್ನೆಯೇ? ಊರಿಗೆಲ್ಲ ಗೊತ್ತು ಸೋದರಸೊಸೆ ಅಂತ. ಕೆಲಸದ ಮೇಲೆ ಗಮನವಿಲ್ಲದ ಜನ.

ಮಾರ್ಚ್ 15, ಶನಿವಾರ

ಮಲಗುವ ಮುಂಚೆ ಎಲ್ಲ ಬರೆದಿಡಬೇಕು.

ನಾಳೆಯೇ ಅಕ್ವಾಸಿದೆ. ಮಧ್ಯಾಹ್ನದ ಹೊತ್ತಿಗೆ ರಾಣಿಯಮ್ಮನ ಮನೆಯಲ್ಲಿ ದೀಪ ಏರಿಸಿದೆವು. ಟೊಮೆಟೊ ಮಾರುವ ಹೆಂಗಸರು ಮೆಟ್ಟಿಲ ತುಂಬ ಕೂತಿದ್ದರು. ಕುಟುಂಬದ ಯಜಮಾನರು ಬಂದರು. ಮಾವನನ್ನು ಚೇಯಿ ವ್ಯಾನಿನಲ್ಲಿ ಕರೆತಂದು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರಿಸಿದ. ರಾಣಿಯಮ್ಮ ಕಿಟಕಿಗಳ ಪರದೆ ಎಳೆಸಿದರು. ನಾನು ಸ್ವಿಚ್ಚು ಹಾಕಿದೆ.

ಕರೆಂಟು ಹೋಗಿತ್ತು.

ಮೆಟ್ಟಿಲ ಮೇಲಿಂದ ಯಾರೋ ಕಿಸಕ್ಕನೆ ನಕ್ಕರು. ಚೇಯಿ ಏನು ಅಂದಾನು ಅಂತ ಅವನ ಕಡೆ ನೋಡಿದೆ. ಅವನು ಹೊರಗೆ ಹೋಗಿ, ವ್ಯಾನಿನಿಂದ ಸಾವಿನ ಮನೆಗಳಿಗೆ ಕೊಡುವ ಜನರೇಟರನ್ನು ಇಳಿಸಿಕೊಂಡು ಬಂದ. "ಅಕ್ಕಾ, ಸೋತ್ರೆ ದೀಪದಿಂದ ಸೋಲು. ಕರೆಂಟಿಂದ ಬೇಡ," ಅಂದ. ಅವನ ಕಿವಿ ಹಿಂಡಬೇಕು ಅನ್ನಿಸಿತು. ಮುದ್ದೂ ಬಂತು.

ದೀಪ ಹತ್ತಿತು. ಕೆಂಪು, ಅರಿಶಿನ, ಕೆಂಪು, ಅರಿಶಿನ. ಫ್ಯಾನಿನ ಗಾಳಿಗೆ ಕುಚ್ಚಿನ ನೆರಳು ಗೋಡೆಯ ಮೇಲೆ ಕುಣಿಯಿತು. ಹೆಂಗಸರು ಮಾತು ನಿಲ್ಲಿಸಿದರು. ಟೊಮೆಟೊ ಮಾರುವವರು ಮಾತು ನಿಲ್ಲಿಸುವುದೆಂದರೆ ಸಣ್ಣ ವಿಷಯವಲ್ಲ. ರಾಣಿಯಮ್ಮ ಕೆಳಗಿನ ಕುರ್ಚಿಯಲ್ಲಿ ಕೂತು, "ಹೇಗೆ ಕಾಣ್ತೀನಿ?" ಅಂದರು.

"ಹಣ್ಣಾದ ಹಾಗೆ!" ಅಂತ ಮೇಲಿಂದ ಒಬ್ಬಳು ಕೂಗಿದಳು.

ಯಜಮಾನರು ಮಾವನ ಕಡೆ ತಿರುಗಿದರು. "ಏನಂತೀಯಪ್ಪ ತ್ವುಮಾಸಿ?"

ಮಾವ ಬೆಂಚಿನಿಂದಲೇ ಹೇಳಿದರು: "ಏನನ್ಲಿ? ಮಾಡ್ದೋರು ಕೆಳಗೆ ಹೋಗೋ ಹಾಗಿಲ್ಲ. ಕೆಳಗೆ ಹೋಗ್ದೆ ದೀಪ ನೋಡೋದು ಹೇಗೆ?"

"ಅಯ್ಯೋ, ನೀವು ಮಾಡಿದ್ದಾ?" ಅಂದರು ರಾಣಿಯಮ್ಮ. "ಕೈ ಸೋಕಿಸಿಲ್ಲ ಅಂತ ಊರೂರು ಸಾರಿದ್ರಲ್ಲ. ನನ್ನ ಅಂಗಡಿಗೂ ಬಂದಿತ್ತು ಆ ಮಾತು. ಮಾಡಿದ್ರೆ ಒಪ್ಕೊಳಿ ತ್ವುಮಾಸಿಯವ್ರೇ. ಮಾಡಿಲ್ಲಾಂದ್ರೆ ಬಂದು ಕೂತ್ಕೊಳಿ."

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ನನ್ನನ್ನೇ ನೋಡುತ್ತಿದ್ದರು. ಇದು ತಾನೇ ಮಾಡಿದ್ದು ಅಂತ ಮಾವ ಅಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಊರು ಅವರ ಮಾತನ್ನೇ ನಂಬುತ್ತದೆ, ದೀಪವೂ ಅವರದು, ಶೆಡ್ಡೂ ಅವರಿಷ್ಟದ್ದು.

"ಮಾಡ್ದೋಳು ಅವಳು," ಅಂದರು. ಊರುಗೋಲು ಊರಿ ಎದ್ದರು. ಚೇಯಿ ಕೈ ಕೊಡಲು ಹೋದ, ತಳ್ಳಿದರು. ಒಂದೊಂದೇ ಹೆಜ್ಜೆ ಹಾಕಿ ಬಂದರು. ಕೆಳಗೆ ಬರುವ ಮುಂಚೆ, ಅರಮನೆಯಲ್ಲಿ ದೊರೆಯ ಮುಂದೆ ಮಾಡುವ ಹಾಗೆ, ಚಪ್ಪಲಿ ಬಿಟ್ಟರು. ರಾಣಿಯಮ್ಮ ಎದ್ದು ಕುರ್ಚಿ ಬಿಟ್ಟುಕೊಟ್ಟರು.

ಮಾವ ಕೂತರು. ತಲೆ ಎತ್ತಿದರು.

ಎಷ್ಟೋ ಹೊತ್ತು ಮೇಲೆಯೇ ನೋಡಿದರು. ಅವರ ಕೈ, ಬಿಳಿ ಗಡ್ಡ, ಬರಿಗಾಲು ಎಲ್ಲ ಕೆಂಪಾಗಿದ್ದವು. ಎಪ್ಪತ್ತಾರು ವರ್ಷದ ಮನುಷ್ಯ, ಬಾಲ್ಯದಿಂದ ಕೊಡೆ ಹೊಲಿದವರು, ಕೊಡೆಯ ಒಳಮೈ ನೋಡುತ್ತಿರುವುದು ಇವತ್ತೇ ಅಂತ ನನಗೆ ಆಗ ಹೊಳೆಯಿತು. ನನಗೆ ಅಳು ಬಂತು, ತಡೆಯಲಿಲ್ಲ.

"ಒಳಗೆ ಹೀಗಿರುತ್ತಾ?" ಅಂತ ಯಾರನ್ನೂ ಕೇಳದೆ ಕೇಳಿದರು. ಆಮೇಲೆ ಕಣ್ಣು ಕಿರಿದಾಯಿತು. ಊರುಗೋಲು ಎತ್ತಿ ತೋರಿಸಿದರು. "ಆ ಮೂರನೇ ಪಟ್ಟಿ. ಸೊಟ್ಟ."

"ಬಿಚ್ತೀನಿ ಮಾಮಾ," ಅಂದೆ.

"ನಿಂದಲ್ಲ ಅದು. ನಿಂದು ನೆಟ್ಟಗಿದೆ." ಊರುಗೋಲು ಇಳಿಸಿದರು.

ಯಜಮಾನರು ಕೆಮ್ಮಿದರು. "ಹಾಗಾದ್ರೆ ಶೆಡ್ಡಿನ ವಿಷಯ?"

"ಯಾವ ಶೆಡ್ಡು? ಇವಳದಾ?" ಅಂದರು ಮಾವ, ಮೇಲಿಂದ ಕಣ್ಣು ತೆಗೆಯದೆ.

ಚೇಯಿ ಬಿದ್ದೂ ಬಿದ್ದೂ ನಕ್ಕ, ಬೋರ್ಡಿನವನಿಗೆ ಕೊಟ್ಟ ಮುಂಗಡ ನೆನೆದು ನಿಲ್ಲಿಸಿದ. ಶೆಡ್ಡಿನ ಹಿತ್ತಲಲ್ಲಿ ಕುರ್ಚಿ ಇಟ್ಟುಕೋ ಅಂದಿದ್ದೇನೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ಬಂದು ದೀಪದ ಕೆಳಗೆ ಕೂತು ಕೂತು ಎದ್ದರು. ರಾಣಿಯಮ್ಮ ನನ್ನನ್ನೂ ಕರೆದರು. ನಾನು ಹೋಗಲಿಲ್ಲ. ಮಾಡಿದವರು ಹೋಗಬಾರದಲ್ಲ.

ವ್ಯಾನಿನಲ್ಲಿ ಬರುವಾಗ ಮಾವ ಒಂದೇ ಮಾತು ಆಡಿದರು. "ಮೂರು ದೊರೆಗಳು ನನ್ನ ಸೊಟ್ಟ ಹೊಲಿಗೆ ಕೆಳಗೆ ಕೂತು ಆಳಿದ್ರು ಕಣೇ. ಒಬ್ಬರೂ ಹೇಳ್ಲಿಲ್ಲ."

"ಅವರು ಜನರನ್ನ ನೋಡ್ತಿದ್ರು ಮಾಮಾ. ಮೇಲೆ ನೋಡಿರಲ್ಲ."

ಅವರಿಗೆ ಅದರಿಂದ ಸಮಾಧಾನ ಆದಂತೆ ಕಾಣಲಿಲ್ಲ.

ಮಾರ್ಚ್ 16, ಭಾನುವಾರ, ಅಕ್ವಾಸಿದೆ

ದೊರೆ ಕೊಡೆಯ ಕೆಳಗೆ ಕೂತಿದ್ದರು. ಡೊಳ್ಳು, ಕೊಂಬು, ಜನವೋ ಜನ. ಮಾವ ಸಾಲಿನಲ್ಲಿ ನಿಂತು, ದೊರೆಯ ಪರವಾಗಿ ಮಾತಾಡುವ ವಕ್ತಾರರ ಮುಂದೆ ಬಗ್ಗಿದರು. ಕೊಡೆ ಶೆಡ್ಡಿಗೆ ಕಳಿಸಬೇಕು ಅಂದರು.

ವಕ್ತಾರರು ಆ ಮಾತನ್ನು ಸಿಹಿ ಮಾಡಿ ದೊರೆಗೆ ಮುಟ್ಟಿಸಿದರು. ತಿರುಗಿ ಬಂದು, "ಏನಾಗಿದೆ ಅಂತ ಕೇಳ್ತಿದ್ದಾರೆ. ಹರಿದಿದೆಯಾ?" ಅಂದರು.

"ಹರಿದಿಲ್ಲ. ಒಳಗೆ ಸೊಟ್ಟ ಇದೆ. ನಂದೇ ತಪ್ಪು."

ದೊರೆ ಅಷ್ಟು ಜನರ ನಡುವೆ ಕತ್ತು ಎತ್ತಿ ಮೇಲೆ ನೋಡಿದರು. ಅವರ ಹಿಂದೆ ಕೂತಿದ್ದ ಹಿರಿಯರೂ ನೋಡಿದರು. ನನಗೆ ನಗು ತಡೆಯಲಾಗಲಿಲ್ಲ.

ಮಾರ್ಚ್ 19, ಬುಧವಾರ

ದೊರೆಯ ಕೆಂಪು ಕೊಡೆ ಬಂದಿದೆ. ಶೆಡ್ಡಿನ ಅಂಗಳದಲ್ಲಿ ಬಿಚ್ಚಿ ನಿಲ್ಲಿಸಿದೆವು. ರಾಣಿಯಮ್ಮನ ಗೆಳತಿ, ಮೀನಿನ ರಾಣಿ, ತನಗೂ ಒಂದು ದೀಪ ಬೇಕು ಅಂತ ಹೇಳಿ ಕಳಿಸಿದ್ದಾರೆ. ನೆತ್ತಿಯ ಮೇಲೆ ಏನಿಡಬೇಕು ಅಂತ ಮಾವನಿಗೆ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಹಳೆಯ ಹೊಲಿಗೆ ಬಿಚ್ಚಿ ಮುಗಿಸಿದಾಗ ಹನ್ನೊಂದು ಗಂಟೆ. ನಾನು ಕಟ್ಟಳೆಯಂತೆ ಹೊರಗೆ ನಿಂತು, ಎಡಗೈ ಒಳಗೆ ಚಾಚಿ ಸೂಜಿ ಹುಡುಕುತ್ತಿದ್ದೆ. ಮಾವ ಸ್ಟೂಲಿನಲ್ಲಿರಲಿಲ್ಲ. ನೋಡಿದರೆ ಚಾಪೆ ಎಳೆದುಕೊಂಡು, ಆ ಮೊಣಕಾಲು ಇಟ್ಟುಕೊಂಡು, ಕೊಡೆಯ ಕೆಳಗೆ ಅಂಗಾತ ಮಲಗಿದ್ದಾರೆ. ನೆತ್ತಿಯ ಬಿಸಿಲಿಗೆ ಮುಖವೆಲ್ಲ ಕೆಂಪು.

"ಮಾಮಾ! ಹೊರಗೆ ಬನ್ನಿ. ಯಾರಾದ್ರೂ ನೋಡಿದ್ರೆ ಏನಂದಾರು? ದೊರೆಯ ಜಾಗ ಅದು."

"ಕೂಗ್ಬೇಡ. ನಿನಗೆ ಈ ಕಡೆ ಕಾಣಲ್ಲ, ನನಗೆ ಕಾಣುತ್ತೆ. ಸೂಜಿ ಕಳಿಸು."

ನಾನು ಸುತ್ತ ನೋಡಿದೆ, ಯಾರೂ ಇರಲಿಲ್ಲ. ರೇಷ್ಮೆಗೆ ಸೂಜಿ ಚುಚ್ಚಿ ಒಳಗೆ ಬಿಟ್ಟೆ. ಮಾವ ಅದನ್ನು ಎಳೆದುಕೊಂಡು, ಹೊಲಿಗೆ ನೇರವಿದೆಯೇ ನೋಡಿ, ತಿರುಗಿಸಿ ನನಗೇ ಕಳಿಸಿದರು.